ಹೊಸದೇ ಸರ್, ಸ್ವಲ್ಪ ಓಡಿದೆ!

(ಮೈಸೂರಿನ ಒಂದು ಕಾರ್ ಶೋರೂಮ್)

ಹುಡುಗ: ಬನ್ನಿ ಸರ್, ಸೀಟಿನ ಪ್ಲಾಸ್ಟಿಕ್ಕೂ ಕಿತ್ತಿಲ್ಲ. ಹೊಚ್ಚ ಹೊಸ ಗಾಡಿ!

ಗಿರಾಕಿ: ಬಂಪರಿಗೆ ಕಟ್ಟಿದ ನಿಂಬೆಹಣ್ಣು ಒಣಗಿ ಗೋಲಿಯಾಗಿದೆಯಲ್ಲಪ್ಪ?

ಹುಡುಗ: ದೃಷ್ಟಿ ತಾಕಬಾರದು ಅಂತ ಸರ್.

ಗಿರಾಕಿ: ಮೀಟರಿನಲ್ಲಿ 3,400 ಕಿಲೋಮೀಟರ್?

ಹುಡುಗ: ಟೆಸ್ಟ್ ಡ್ರೈವ್ ಸರ್. ಎಲ್ಲರೂ ಒಂದೊಂದೇ ರೌಂಡು.

ಗಿರಾಕಿ: ಆರ್‌ಸಿ ತೋರಿಸು. ಅರೆ, ಮಾಲೀಕರು ನಿಮ್ಮ ಶೋರೂಮೇ! ಹಾಗಾದರೆ ನಾನು?

ಹುಡುಗ: ಕಾಗದದಲ್ಲಿ ಎರಡನೆಯವರು. ನಮ್ಮ ಮನಸ್ಸಿನಲ್ಲಿ ಮೊದಲನೆಯವರೇ ಸರ್!

ಗಿರಾಕಿ: ವಾರಂಟಿ?

ಹುಡುಗ: ಮೂರು ವರ್ಷ! ಹನ್ನೊಂದು ತಿಂಗಳನ್ನು ಮಾತ್ರ ನಿಮ್ಮ ಪರವಾಗಿ ನಾವೇ ಅನುಭವಿಸಿದ್ದೇವೆ.

ಗಿರಾಕಿ: ಸರಿ, ಬೆಲೆ ಇಳಿಸು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸು, ವಿಮೆ ನನ್ನ ಹೆಸರಿಗೆ ಮಾಡಿಸು. ಬಿಲ್ಲಿನಲ್ಲಿ ‘ಡೆಮೊ ಗಾಡಿ’ ಅಂತ ಬರಿ.

ಹುಡುಗ: ಬಾಯಿಮಾತು ಸಾಲದಾ ಸರ್?

ಗಿರಾಕಿ: ಬಾಯಿಮಾತು ಗಾಳಿಗೆ ಹೋಗುತ್ತೆ, ಬಿಲ್ಲು ಗ್ರಾಹಕ ಆಯೋಗದವರೆಗೂ ಬರುತ್ತೆ. ಬಳಸಿದ್ದನ್ನು ಹೊಸದು ಅಂತ ಮಾರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ. ದೂರು ಕೊಡೋಕೆ ಎರಡು ವರ್ಷ ಟೈಮಿದೆ. ಅಷ್ಟು ಕಾಯೋದ್ಯಾಕೆ, ಗ್ರಾಹಕ ಸಹಾಯವಾಣಿ 1915ಕ್ಕೆ ಈಗಲೇ ಫೋನ್ ಹಚ್ಚಲಾ?

ಹುಡುಗ (ಒಳಗೆ ಕೂಗಿ): ಮ್ಯಾನೇಜರ್ ಸರ್, ಬೇಗ ಬನ್ನಿ! ಇವರು ಹೊಸ ಗಿರಾಕಿ ಅಲ್ಲ, ತುಂಬಾ ಓಡಿದವರು!