ಕೆಲವರು

ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಹೊರತಂದ ಕಿಟ್ಟೆಲರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳುಂಟು. ಆದರೆ ಹೆಸರೆತ್ತದೆ ಚುಚ್ಚಲು ಈ ಊರಿಗೆ ಒಂದೇ ಶಬ್ದ ಸಾಕು: ‘ಕೆಲವರು’. ವ್ಯಾಕರಣದ ಲೆಕ್ಕದಲ್ಲಿ ಅದು ಬಹುವಚನ. ಹಂಪನಕಟ್ಟೆಯ ಸಿಟಿ ಬಸ್ಸಿನಲ್ಲಿ ಮಾತ್ರ ಅಪ್ಪಟ ಏಕವಚನ. “ಕೆಲವರಿಗೆ ಎಷ್ಟು ಹೇಳಿದ್ರೂ ಬಾಗಿಲು ಬಿಟ್ಟು ಒಳಗೆ ಹೋಗ್ಲಿಕ್ಕೆ ಆಗುದಿಲ್ಲ ಮಾರಾಯ್ರೆ” ಎಂದು ಕಂಡಕ್ಟರ್ ಆಕಾಶ ನೋಡುತ್ತ ಹೇಳಿದರೆ, ಫುಟ್‌ಬೋರ್ಡಿನ ಮೇಲಿನ ಒಬ್ಬರೇ ಒಬ್ಬರು ಮೆಲ್ಲಗೆ ಒಳಗೆ ಸರಿಯುತ್ತಾರೆ.

ಇದು ಹೇಡಿತನ, ಮುಖ ನೋಡಿ ಹೇಳಬಾರದೇ ಎಂದು ಆಕ್ಷೇಪಿಸಬಹುದು. ಹೇಳಲಿಕ್ಕೇನು, ಹೇಳಬಹುದು, ಆಮೇಲೆ ಆ ಜಗಳವನ್ನು ಸ್ಟೇಟ್‌ಬ್ಯಾಂಕ್ ಸ್ಟಾಪಿನವರೆಗೂ ಹೊರಬೇಕು. ‘ಕೆಲವರು’ ಎಂದರೆ ತಪ್ಪು ಮಾಡಿದವರಿಗೆ “ನನಗಲ್ಲ” ಎಂದುಕೊಳ್ಳಲು ಮರ್ಯಾದೆಯ ಹಿಂಬಾಗಿಲು ಸಿಗುತ್ತದೆ, ಕೆಲಸವೂ ಆಗುತ್ತದೆ. ತಾಳಮದ್ದಳೆ ಕೇಳಿ ಬೆಳೆದ ಊರಿದು: ಅಲ್ಲಿ ಕೃಷ್ಣ ಕೌರವನಿಗೆ ಹೇಳಿದ ಮಾತು ಒಮ್ಮೊಮ್ಮೆ ಎದುರು ಕೂತ ಅರ್ಥಧಾರಿಗೇ ಹೋಗಿ ತಾಗುತ್ತದೆ, ಸಭೆ ನಗುತ್ತದೆ. ತಾಗಬೇಕಾದವರಿಗೇ ತಾಗದೆ ಹೋದರೆ? ಹಾಗೂ ಆಗುವುದುಂಟು. “ಹೌದೌದು, ಕೆಲವರು ಹಾಗೆಯೇ” ಎಂದು ಎಲ್ಲರಿಗಿಂತ ಜೋರಾಗಿ ತಲೆಯಾಡಿಸುವವರು ಅವರೇ. ಅಂಥವರಿಗೆ ಅರ್ಥ ಹೇಳಲು ಕಿಟ್ಟೆಲರಿಂದಲೂ ಆಗದು.