ನನ್ನ ಕೂಸನ್ನು ತೂಗಿದ ಮಹನೀಯರಿಗೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ನನ್ನ ಮಗಳ ತೂಕ ನೋಡಿ ಸಲಹೆ ದಯಪಾಲಿಸಿದ ಸಮಸ್ತ ಡಾಕ್ಟರುಗಳು, ನರ್ಸಮ್ಮಂದಿರು, ಮೆಡಿಕಲ್ ಸ್ಟೋರಿನ ಅಣ್ಣಂದಿರು, ಫೋನಿನೊಳಗಿನ ತಜ್ಞರು ಹಾಗೂ ಮನೆಯ ಹಿರಿಯರ ಸನ್ನಿಧಾನಕ್ಕೆ ಬಾಣಂತಿಯೊಬ್ಬಳ ವಂದನೆಗಳು.

ಗಂಡನ ಮನೆ ಕಡೂರು. ಹೆರಿಗೆಯಾದದ್ದು ತರೀಕೆರೆಯಲ್ಲಿ. ಬಾಣಂತನ ತವರಿನಲ್ಲಿ, ಅಜ್ಜಂಪುರದ ಕಡೆ. ಈ ಮೂರೂ ಊರಿನ ರೈಲುಗಳು ಬೀರೂರಿನಲ್ಲಿ ಕೂಡುತ್ತವೆ. ನಿಮ್ಮ ಮಾತುಗಳು ಮಾತ್ರ ಎಲ್ಲೂ ಕೂಡಲಿಲ್ಲ.

ಹುಟ್ಟಿದಾಗ ಮಗು 2.7 ಕಿಲೋ ಇತ್ತು. ಮೂರನೇ ದಿನ 2.5. ಎಳೆಕೂಸು ಮೊದಲ ದಿನಗಳಲ್ಲಿ ಮೈನೀರು ಕಳೆದುಕೊಂಡು ನೂರಕ್ಕೆ ಏಳೆಂಟು, ಹೆಚ್ಚೆಂದರೆ ಹತ್ತು ಪಾಲು ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ ಎಂಬುದು ನೀವೆಲ್ಲ ಓದಿ ಪಾಸಾದ ಪಾಠ. ಆದರೂ ಬೆಳಗಿನ ಪಾಳಿಯವರು "ಇದೆಲ್ಲ ಸಹಜ ಕಣಮ್ಮ" ಅಂದರು. ರಾತ್ರಿ ಪಾಳಿಯವರು "ಹಾಲೇ ಇಲ್ಲವಲ್ಲಮ್ಮ ನಿಂಗೆ, ಡಬ್ಬ ತರ್ಸು" ಅಂದರು. ನಡುವಿನ ಆ ಕೆಲವು ಗಂಟೆಗಳಲ್ಲಿ ವೈದ್ಯಶಾಸ್ತ್ರ ಎಷ್ಟು ಮುಂದುವರಿಯಿತೆಂದು ನೆನೆದರೆ ಈಗಲೂ ರೋಮಾಂಚನವಾಗುತ್ತದೆ.

ಅಲ್ಲಿಂದ ಶುರುವಾಯಿತು. ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ, ಒಂದೊಂದು ಕಡೆ ಹತ್ತೇ ನಿಮಿಷ ಕುಡಿಸು ಎಂದವರು ಒಬ್ಬರು. ಗಡಿಯಾರ ಗೋಡೆಯಿಂದ ಇಳಿಸು, ಕೂಸು ಕೇಳಿದಾಗಲೆಲ್ಲ ಕೊಡು, ಒಂದು ಕಡೆಯದು ಪೂರ್ತಿ ಮುಗಿಯಲಿ, ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಜಾಸ್ತಿ ಎಂದವರು ಇನ್ನೊಬ್ಬರು. ಪ್ರತಿ ಸಲವೂ ಮೇಲಿನಿಂದ 60 ಮಿಲಿ ಪುಡಿಹಾಲು ಎಂದು ಚೀಟಿ ಬರೆದವರು ಮತ್ತೊಬ್ಬರು. ಆರು ತಿಂಗಳು ಒಂದು ತೊಟ್ಟು ನೀರೂ ಬೇಡ ಎಂದು ಅಂಗನವಾಡಿಯ ಗೋಡೆಯೇ ಹೇಳುತ್ತಿತ್ತು. ಇತ್ತ ಅತ್ತೆಯವರು, ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ ಎಂದು ನನ್ನ ಚೊಂಬನ್ನೇ ಎತ್ತಿಟ್ಟರು. ಅವ್ವ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು ಮಾಡಿ "ಹೊಟ್ಟೆ ತುಂಬ ಉಣ್ಣು, ನೀರು ಕುಡಿ" ಎಂದು ಚೊಂಬನ್ನು ವಾಪಸು ತಂದಳು. ಆ ಚೊಂಬು ನನಗಿಂತ ಹೆಚ್ಚು ಓಡಾಡಿದೆ.

ತೂಕದ ವಿಚಾರ ಬಿಡಿಸಿ ಹೇಳಲೇಬೇಕು. ಒಂದು ಕಡೆ ಡಿಜಿಟಲ್ ಯಂತ್ರ, ಮಗು ಬರಿಮೈ. ಇನ್ನೊಂದು ಕಡೆ ಅದೇ ಮಗು ಟೋಪಿ, ಸ್ವೆಟರು, ಒದ್ದೆ ಡಯಾಪರು ಸಮೇತ, ಹಾಲು ಕುಡಿದ ಕೂಡಲೇ. ಮೂರನೆಯದು ಜೋಲಿಯಲ್ಲಿ ತೂಗುಹಾಕುವ ಗಡಿಯಾರದಂಥ ತಕ್ಕಡಿ, ಅದರ ಒಂದೊಂದು ಗೆರೆ ನೂರು ಗ್ರಾಂ. ಮೊದಲ ಮೂರು ತಿಂಗಳು ಕೂಸು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು ಎನ್ನುತ್ತೀರಿ. ಎಂದರೆ ವಾರದ ಏರಿಕೆಯೆಲ್ಲ ಸೇರಿದರೂ ಆ ಮುಳ್ಳಿಗೆ ಒಂದೆರಡು ಗೆರೆ. ಜೋಲಿ ಅಲುಗಿದರೆ ಒಂದು ವಾರ ಹೋಯಿತು. ರೈಲು ಬೀರೂರು ದಾಟುವಷ್ಟರಲ್ಲಿ ಇನ್ನೂರು ಗ್ರಾಂ ಕಳೆದುಕೊಂಡ ಮಗು ಪ್ರಪಂಚದಲ್ಲಿ ನನ್ನದೊಂದೇ ಇರಬೇಕು. ಅದಕ್ಕೆ ಕಾರಣ ಕೇಳಿದಾಗ ನೀವು ಯಾರೂ ತಕ್ಕಡಿಯ ಕಡೆ ನೋಡಲಿಲ್ಲ, ನನ್ನ ಎದೆಯ ಕಡೆ ನೋಡಿದಿರಿ.

ನಾಲ್ಕು ತಿಂಗಳಾದಾಗ ಮಗು 5.6 ಕಿಲೋ. ಹುಟ್ಟಿದ ತೂಕದ ಎರಡರಷ್ಟಕ್ಕಿಂತಲೂ ಹೆಚ್ಚು. ತಾಯಿ ಕಾರ್ಡಿನಲ್ಲಿ ಅದು ಹಸಿರು ಪಟ್ಟಿಯೊಳಗೇ, ಹುಟ್ಟಿದಾಗ ಯಾವ ಗೆರೆಯ ಹತ್ತಿರವಿತ್ತೋ ಅದರ ಹತ್ತಿರವೇ ಕೂತಿತ್ತು. ಆದರೆ ಒಬ್ಬರ ಮೇಜಿನ ಗಾಜಿನಡಿ ಬೇರೆಯೇ ಚಾರ್ಟು. ಅದರ ಪ್ರಕಾರ ನನ್ನ ಹಾಲು ಸಾಲದು. ಯಾವ ಚಾರ್ಟೆಂದು ಕೇಳುವ ಧೈರ್ಯ ನನಗಿರಲಿಲ್ಲ, ಮನೆಗೆ ಬಂದು ಓದಿಕೊಂಡೆ. ಬಹುಕಾಲ ಲೋಕವೆಲ್ಲ ಬಳಸಿದ 1977ರ ಪಟ್ಟಿಯಲ್ಲಿ ಎಳೆಮಕ್ಕಳ ಅಳತೆ ಬಂದದ್ದು ಅಮೆರಿಕದ ಒಹಾಯೊ ರಾಜ್ಯದಿಂದ, ಹೆಚ್ಚಾಗಿ ಬಾಟಲಿ ಹಾಲು ಕುಡಿದ ಮಕ್ಕಳಿಂದ. ತಾಯಿಹಾಲಿನ ಮಕ್ಕಳು ಮೊದಲ ಎರಡು ಮೂರು ತಿಂಗಳು ಸರಸರ ಏರಿ ಆಮೇಲೆ ನಿಧಾನವಾಗುತ್ತಾರೆ. ಆ ಪಟ್ಟಿಗೆ ಹಿಡಿದರೆ ನಾಲ್ಕನೇ ತಿಂಗಳಲ್ಲಿ ಎದೆಹಾಲಿನ ಮಕ್ಕಳು ಬಡಕಲಾಗಿಯೇ ಕಾಣುತ್ತಾರೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ದೆಹಲಿಯೂ ಸೇರಿ ಆರು ದೇಶಗಳಲ್ಲಿ, ಎದೆಹಾಲು ಕುಡಿಯುವ ಮಕ್ಕಳನ್ನೇ ಅಳೆದು 2006ರಲ್ಲಿ ಹೊಸ ಪಟ್ಟಿ ಕೊಟ್ಟಿತು. ಅದು ತಾಯಿ ಕಾರ್ಡಿಗೆ ಬಂದಿದೆ. ಮೇಜಿನ ಗಾಜಿನಡಿಗೆ ಇನ್ನೂ ಬಂದಿಲ್ಲ.

ಪುಡಿಹಾಲಿನ ಚೀಟಿ ಬರೆದವರ ಜಾಣ್ಮೆಗೆ ಪ್ರತ್ಯೇಕ ನಮಸ್ಕಾರ. ಎದೆಹಾಲು ಕೂಸು ಎಳೆದಷ್ಟೂ ಬರುತ್ತದೆ, ಎಳೆಯುವುದು ಕಡಿಮೆಯಾದರೆ ಮೈ ತಯಾರಿಯನ್ನೂ ಕಡಿಮೆ ಮಾಡುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಮೂರು ತಾಸು ನಿದ್ದೆ ಹೊಡೆಯುತ್ತದೆ, ಅಷ್ಟು ಹೊತ್ತು ಎಳೆಯುವವರಿಲ್ಲ. ವಾರ ಕಳೆದರೆ ಹಾಲು ನಿಜವಾಗಿಯೂ ಕಡಿಮೆ. ಆಗ "ನಾನು ಮೊದಲೇ ಹೇಳಿರಲಿಲ್ವಾ?" ಇಷ್ಟು ಕರಾರುವಾಕ್ಕಾದ ಭವಿಷ್ಯ ನಮ್ಮೂರ ಜೋಯಿಸರಿಗೂ ಬರುವುದಿಲ್ಲ. ಪುಡಿಹಾಲು ನಿಜಕ್ಕೂ ಬೇಕಾಗುವ ಮಕ್ಕಳಿದ್ದಾರೆ, ಅದು ಅವರ ಜೀವ ಉಳಿಸುತ್ತದೆ. ಅವರ ತಾಯಂದಿರ ಮೇಲೆ ಗೂಬೆ ಕೂರಿಸಲು ಈ ಪತ್ರ ಬರೆಯುತ್ತಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ತಾಯಿಹಾಲಿನಲ್ಲಿರುವವರು ನೂರಕ್ಕೆ ಸುಮಾರು 64. ಮಿಕ್ಕ 36 ಮಕ್ಕಳ ತಾಯಂದಿರಿಗೂ ಹಾಲು ಬತ್ತಿತ್ತೆಂದು ನಂಬಲು ನನಗೆ ಕಷ್ಟ.

ಅಂತೂ ಡಬ್ಬ ಮನೆಗೆ ಬಂತು. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಅದರ ಮೇಲೆ ಅಚ್ಚಾಗಿತ್ತು. 1992ರ ಶಿಶುಹಾಲು ಕಾಯಿದೆ ಹಾಗೆ ಅಚ್ಚು ಹಾಕಲೇಬೇಕೆಂದು ಹೇಳುತ್ತದೆ. ಇಷ್ಟು ಜನರ ನಡುವೆ ಬೆಳಗ್ಗೆ, ಸಂಜೆ ಒಂದೇ ಮಾತು ಆಡಿದ್ದು ಆ ಡಬ್ಬ ಮಾತ್ರ.

ಅಜ್ಜಂಪುರದಲ್ಲಿ ಅಮೃತಮಹಲ್ ದನಗಳ ಸರ್ಕಾರಿ ತಳಿ ಕೇಂದ್ರವಿದೆ. ಹಾಲಿಗೆ ಹೆಸರಾದ ತಳಿಯಲ್ಲ ಅದು. ಇರುವಷ್ಟು ಹಾಲು ಕರುವಿಗೆ. ಆ ಕರುಗಳೇ ಬೆಳೆದು ಮೈಸೂರಿನ ಸೈನ್ಯದ ಫಿರಂಗಿ ಎಳೆದವು. ಅವುಗಳಿಗೆ ಯಾರೂ 60 ಮಿಲಿ ಬರೆದುಕೊಟ್ಟ ದಾಖಲೆಯಿಲ್ಲ.

ಕೊನೆಗೆ ನಮ್ಮ ಆಶಾ ಕಾರ್ಯಕರ್ತೆ ಬಂದಳು. ನವಜಾತ ಶಿಶುವಿಗೆಂದು ಇರುವ ಅವಳ ಮನೆಭೇಟಿಗಳ ಸರದಿ ಹೆರಿಗೆಯಾದ 42ನೇ ದಿನಕ್ಕೆ ಸರ್ಕಾರದ ಲೆಕ್ಕದಲ್ಲಿ ಮುಗಿದಿತ್ತು, ಆ ಆರು ವಾರ ನಾನು ಅವಳ ಏರಿಯಾದಲ್ಲಿ ಇರಲೂ ಇಲ್ಲ. ತಕ್ಕಡಿ ಕೇಳಲಿಲ್ಲ. ಚಾಪೆ ಮೇಲೆ ಕೂತು "ಎಲ್ಲಿ, ಕುಡ್ಸಕ್ಕ, ನೋಡಾಣ" ಅಂದಳು. ಕೂಸು ತೊಟ್ಟಿನ ತುದಿ ಮಾತ್ರ ಹಿಡಿದಿತ್ತು. ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ, ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿಕೊಟ್ಟಳು. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು. "ದಿನಕ್ಕೆ ಆರು ಸಲ ಉಚ್ಚೆ ಹೊಯ್ತಾಳಾ?" ಅಂದಳು. ಅದಕ್ಕಿಂತ ಹೆಚ್ಚು ಅಂದೆ. "ಮತ್ತಿನ್ನೇನಕ್ಕ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಅವಳಿಗೆ ಕನ್ಸಲ್ಟೇಷನ್ ಫೀಸು ಇಲ್ಲ, ಮೇಜಿಲ್ಲ, ಗಾಜಿಲ್ಲ.

ಮಹನೀಯರೇ, ನನ್ನ ಮಗಳನ್ನು ನೀವೆಲ್ಲರೂ ತೂಗಿದ್ದೀರಿ. ಅವಳು ಹಾಲು ಕುಡಿಯುವುದನ್ನು ನಿಮ್ಮಲ್ಲಿ ಒಬ್ಬರೂ ನೋಡಿಲ್ಲ. ಇನ್ನು ಮುಂದೆ ನಿಮ್ಮ ಬಾಗಿಲಿಗೆ ಬರುವ ಬಾಣಂತಿಯರ ಪರವಾಗಿ ಬೇಡುವುದಿಷ್ಟೇ: ತೂಕವನ್ನು ತಾಯಿ ಕಾರ್ಡಿನಲ್ಲೇ ಬರೆಯಿರಿ, ಇನ್ನೊಬ್ಬರು ಬರೆದದ್ದನ್ನು ಓದಿ, ಬಟ್ಟೆ ಬಿಚ್ಚಿ ತೂಗಿ. ಹತ್ತು ನಿಮಿಷ ಕೂತು ಮಗು ಕುಡಿಯುವುದನ್ನು ನೋಡಿ. ಚೀಟಿ ಆಮೇಲೆ ಬರೆಯಿರಿ.

ಇಂತಿ,
ಮೂರು ತಾಲ್ಲೂಕಿನ ಸಲಹೆ ಉಂಡ ಬಾಣಂತಿ