ತಾರಸಿ ಮೇಲೊಂದು ಸಂಸಾರ

ಮಂಗಳೂರಿನಲ್ಲಿ ಹ್ಯಾಮ್ ರೇಡಿಯೋ ಹುಚ್ಚು ಹಚ್ಚಿಕೊಂಡವನಿಗೆ ಎರಡು ಕಾಟ. ಒಂದು, ಉಪ್ಪುಗಾಳಿ ಜೊತೆಗೆ ಮಳೆ. ಇನ್ನೊಂದು, 7 ಮೆಗಾಹರ್ಟ್ಸಿಗೆಂದು ತಾರಸಿಯ ಮೇಲೆ ಎಳೆದ 20 ಮೀಟರ್ ಆಂಟೆನಾ ತಂತಿಯನ್ನು ಬಟ್ಟೆ ಒಣಹಾಕಲಿಕ್ಕೇ ಕಟ್ಟಿದ್ದೆಂದು ನಂಬಿರುವ ಹೆಂಡತಿ. ಎರಡನೆಯದಕ್ಕೆ ಮದ್ದಿಲ್ಲ. ಮೊದಲನೆಯದರ ಮದ್ದಿನಲ್ಲಿ ಅವಳದ್ದೂ ಪಾಲಿದೆ ಎಂಬ ಸಂಗತಿ ನಮ್ಮ ಹ್ಯಾಮ್ ಬಳಗಕ್ಕೆ ತಿಳಿಯದಿರಲಿ.

ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಊರಿದು. ಕನೆಕ್ಟರಿನ ಸಂದಿಯಿಂದ ನೀರು ಹೊಕ್ಕರೆ, ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲಿನ ತಾಮ್ರದ ಹೆಣಿಗೆ ಅದನ್ನು ಒಳಒಳಗೇ ಎಳೆದುಕೊಂಡು ಕಪ್ಪಾಗುತ್ತದೆ. ರೇಡಿಯೋದಿಂದ ಹೊರಟ ಶಕ್ತಿ ಆಂಟೆನಾ ಮುಟ್ಟದೆ ಕೇಬಲ್ಲಿನಲ್ಲೇ ಕರಗುತ್ತದೆ. ತಮಾಷೆ ಏನೆಂದರೆ, ಆಗ ಆಂಟೆನಾದಿಂದ ತಿರುಗಿ ಬರುವ ಶಕ್ತಿ ಎಷ್ಟೆಂದು ಹೇಳುವ ಕೆಳಗಿನ ಎಸ್‌ಡಬ್ಲ್ಯೂಆರ್ ಮೀಟರು ಇನ್ನೂ ಚೆಂದ ತೋರಿಸುತ್ತದೆ. ತಿರುಗಿ ಬರಬೇಕಾದ ಶಕ್ತಿಯನ್ನೂ ಕೇಬಲ್ಲೇ ನುಂಗಿರುತ್ತದಲ್ಲ! ಮುಳ್ಳು ನೋಡಿ "ಎಲ್ಲ ಸರಿ ಉಂಟು" ಎಂದು ಕುರ್ಚಿಗೆ ಒರಗುವುದು ನನ್ನ ಜಾಯಮಾನಕ್ಕೆ ಹೇಳಿಮಾಡಿಸಿದ ಕೆಲಸ.

ಕನೆಕ್ಟರಿಗೆ ಬಳಿಯಲು ಬಾತ್‌ರೂಮಿನ ಸಿಲಿಕೋನ್ ಟ್ಯೂಬು ಹಿಡಿದು ಏಣಿ ಹತ್ತುತ್ತಿದ್ದೆ. ಕೆಳಗಿನಿಂದ ಹೆಂಡತಿ ಮೂಗರಳಿಸಿದಳು.

"ಎಂತ ಅದು, ವಿನೆಗರ್ ವಾಸನೆ?"

"ವಾಟರ್‌ಪ್ರೂಫ್."

"ಹುಳಿ ಅಲ್ವಾ? ತಾಮ್ರದ ತಂಬಿಗೆಗೆ ಹುಣಸೆಹುಳಿ ಹಾಕಿ ಉಜ್ಜುವುದು ನಾನು. ಹುಳಿ ತಾಮ್ರವನ್ನು ತಿನ್ನದೆ ಬಿಡ್ತದಾ?"

ಹೌದು, ಆ ಬಗೆಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಆ ವಿನೆಗರ್ ವಾಸನೆ ಬಾರದ ನ್ಯೂಟ್ರಲ್ ಬಗೆಯದೇ ಆಗಬೇಕು. ನನ್ನ ಬಳಿ ಸರಕಾರ ಕೊಟ್ಟ ಲೈಸೆನ್ಸ್ ಇದೆ, ಅವಳ ಬಳಿ ಮೂಗಿದೆ.

ಕೊನೆಗೆ ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಟೇಪು ತಂದೆ. ಅಂಟಿಲ್ಲ, ಎಳೆದು ಸುತ್ತಿದರೆ ತನಗೆ ತಾನೇ ಒಂದಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಮಂಗಳೂರು ಹಂಚಿನ ಹಾಗೆ ಮೇಲಿನ ಸುತ್ತು ಕೆಳಗಿನದನ್ನು ಮುಚ್ಚಿ ನೀರು ಜಾರುತ್ತದೆ. ಬಿಸಿಲು ತಾಗದಂತೆ ಅದರ ಮೇಲೆ ಮಾಮೂಲಿ ಕರಿ ಟೇಪು. ನಟ್ಟು ಬೋಲ್ಟಿಗೆ ಸ್ವಲ್ಪ ವ್ಯಾಸಲೀನ್.

"ನನ್ನ ಹಿಮ್ಮಡಿ ಒಡೆದು ಎಷ್ಟು ಸಮಯ ಆಯ್ತು, ನಿಮ್ಮ ಕಣ್ಣಿಗೆ ಬೀಳಲಿಲ್ಲ. ನಟ್ಟಿಗೆ ವ್ಯಾಸಲೀನ್!"

ಇದಕ್ಕೆ ಉತ್ತರ ಯಾವ ಬ್ಯಾಂಡಿನಲ್ಲೂ ಸಿಗಲಿಲ್ಲ.

ಈ ಮಳೆಗಾಲ ಕನೆಕ್ಟರ್ ಒಣಗಿಯೇ ಇದೆ. ಮಿಕ್ಕ ಟೇಪು ಮಾತ್ರ ನಾಪತ್ತೆ. ಹುಡುಕಿದರೆ ಅಂಗಳದ ಪೈಪಿನ ಸೋರುವ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿದೆ, ನಾನು ಸುತ್ತಿದ್ದಕ್ಕಿಂತ ನೀಟಾಗಿ. "ಒಳ್ಳೆ ಟೇಪು ಮಾರಾಯ್ರೆ, ಪೇಟೆಗೆ ಹೋದಾಗ ಇನ್ನೆರಡು ತನ್ನಿ" ಅಂದಳು. ಅದರ ಕ್ರಯ ಎಷ್ಟೆಂದು ನಾನಿನ್ನೂ ಹೇಳಿಲ್ಲ.